ಬೈಲಹೊಂಗಲವನ್ನು ಅಂಜಿಸಿದ ಮ್ಯಾಟಿನಿ

ನನ್ನ ತಂಗಿಯ ಮೊಮ್ಮಗಳು ಶಾಹಿನಾ ಹುಬ್ಬಳ್ಳಿಯ ಒಂದು ಮಲ್ಟಿಪ್ಲೆಕ್ಸಿನಲ್ಲಿ ಸಿನಿಮಾ ಓಡಿಸುವ ಕೆಲಸಕ್ಕೆ ಸೇರಿದ್ದಾಳೆ. ನಾನು ದುಡಿದ ಕಾಲದಲ್ಲಿ ಬೈಲಹೊಂಗಲ, ಸವದತ್ತಿ, ರಾಮದುರ್ಗದ ಕಡೆ ಸಿನಿಮಾ ಮಶೀನು ಇಡುವ ಯಾವ ಕ್ಯಾಬಿನ್ನಿನಲ್ಲೂ ಹೆಣ್ಣುಮಗಳನ್ನು ಕಂಡವನಲ್ಲ. ಹಾಗಾಗಿ ಅವಳ ಸುದ್ದಿ ಕೇಳಿದ ದಿನ ಓಣಿಗೆಲ್ಲ ಪೇಢೆ ಹಂಚಿದೆ. ಈದಿಗೆ ಮನೆಗೆ ಬಂದಾಗ ಅವಳು ಒಂದು ಪ್ರಶ್ನೆ ಕೇಳಿದಳು.

"ನಾನಾ, ಹಳೇ ದೆವ್ವದ ಸಿನಿಮಾಕ್ಕ ಮಂದಿ ಖರೇನ ಅಂಜತಿದ್ರೇನು? ಈಗ ಅದರ ತುಣುಕು ತೋರಿಸಿದ್ರ ನಮ್ಮ ಹುಡುಗೂರು ಬಿದ್ದ ಬಿದ್ದ ನಗತಾರ."

ಅಂಜುತ್ತಿದ್ದರು ಎಂದೆ. ಹೊಸವಕ್ಕೂ ಅಂಜುತ್ತಾರೆ ಎಂದೆ. ಯಾವುದಕ್ಕೆ ಹೆಚ್ಚು ಎಂದು ಅವಳು ಪಟ್ಟು ಹಿಡಿದಾಗ, ಅದು ನಿಂತ ಕಾಲ ಮೇಲೆ ಹೇಳುವ ಮಾತಲ್ಲ, ಬರೆದು ಕೊಡುತ್ತೇನೆ ಎಂದೆ. ಬರೆಯಲು ಕುಳಿತರೆ ಅವಳೊಬ್ಬಳಿಗೇ ಯಾಕೆ, ಈ ಕೆಲಸಕ್ಕೆ ಹೊಸದಾಗಿ ಬರುವ ಎಲ್ಲರಿಗೂ ಇರಲಿ ಅನ್ನಿಸಿತು.

ನನ್ನ ಹೆಸರು ರಾಜೇಸಾಬ. ತೊಂಬತ್ತರ ದಶಕದ ಆರಂಭದಲ್ಲಿ ಟೂರಿಂಗ್ ಟಾಕೀಸಿಗೆ, ಅಂದರೆ ಊರಿಂದ ಊರಿಗೆ ತಂಬೂ ಹೊತ್ತು ತಿರುಗುವ ಸಿನಿಮಾಕ್ಕೆ ಸೇರಿದೆ. ಆಮೇಲೆ ಬೈಲಹೊಂಗಲದ ಒಂದು ಥೇಟರಿನಲ್ಲಿ ಆಪರೇಟರನಾದೆ. ರೀಲುಗಳು ಹೋಗಿ, ಛತ್ತಿನ ಮೇಲೆ ತಟ್ಟೆ ಕೂಡಿಸಿ ಆಕಾಶದಿಂದ ಸಿನಿಮಾ ಇಳಿಸಿಕೊಳ್ಳುವ ಕಾಲ ಬಂದ ಮೇಲೂ ಕೆಲವು ವರ್ಷ ದುಡಿದು, ಕಣ್ಣು ಮಂಜಾದಾಗ ಕೀಲಿಕೈ ಒಪ್ಪಿಸಿದೆ. ಬಡ್ತಿಯ ಕತೆ ನನ್ನಲ್ಲಿಲ್ಲ. ಸೇರಿದಾಗಲೂ ಕ್ಯಾಬಿನ್ನು, ಬಿಟ್ಟಾಗಲೂ ಕ್ಯಾಬಿನ್ನು. ಆದರೆ ಒಂದು ಮಾತನ್ನು ಎದೆ ತಟ್ಟಿ ಹೇಳಬಲ್ಲೆ: ಈ ಸೀಮೆಯಲ್ಲಿ ನನ್ನಷ್ಟು ಮಂದಿಯನ್ನು ಅಂಜಿಸಿದವನು ಇನ್ನೊಬ್ಬನಿಲ್ಲ.

ನನಗೆ ಕೆಲಸ ಕಲಿಸಿದವರು ಫಕೀರಪ್ಪ ಮಾಸ್ತರರು. ಸಾಲಿ ಮಾಸ್ತರರಲ್ಲ, ತಂಬೂ ಸಿನಿಮಾದ ಹಿರಿಯ ಆಪರೇಟರು. ಹೊಗಳುವ ಅಭ್ಯಾಸ ಅವರಿಗಿರಲಿಲ್ಲ. ಕೆಲಸ ಸರಿಯಾದರೆ ಸುಮ್ಮನಿರುತ್ತಿದ್ದರು, ತಪ್ಪಿದರೆ ನನ್ನ ಅಪ್ಪನ ಹೆಸರು ಹಿಡಿದು ಕರೆಯುತ್ತಿದ್ದರು. ತಂಬೂದಲ್ಲಿ ಇದ್ದದ್ದು ಒಂದೇ ಮಶೀನು. ಒಂದು ರೀಲು ಮುಗಿದರೆ ದೀಪ ಹತ್ತಬೇಕು, ಇನ್ನೊಂದು ರೀಲು ಏರಿಸಬೇಕು, ಅಲ್ಲಿಯ ತನಕ ಜನ ಕಾಯಬೇಕು. ಆ ಹೊತ್ತಿನಲ್ಲಿ ಗಂಡಸರು ಬೀಡಿ ಸೇದಲು ಹೊರಗೆ ಹೋಗುತ್ತಿದ್ದರು, ಹೆಂಗಸರು ಶೇಂಗಾ ಕೊಳ್ಳುತ್ತಿದ್ದರು, ಹುಡುಗರು ಪರದೆಯ ಹಿಂದೆ ಹೋಗಿ ನಾಯಕಿಯನ್ನು ಹುಡುಕುತ್ತಿದ್ದರು.

ರಾಮದುರ್ಗ ತಾಲೂಕಿನ ಸಾಲಹಳ್ಳಿಯಲ್ಲಿ ಜೋಳ ಕೊಯ್ದ ಹೊಲದಲ್ಲಿ ತಂಬೂ ಹಾಕಿದ್ದೆವು. ಸಂಜೆಯ ಆಟಕ್ಕೆ ಒಂದು ದೆವ್ವದ ಸಿನಿಮಾ. ಒಂದು ಹಳೆಯ ದೊಡ್ಡ ವಾಡೆಯ ಮನೆ, ಅದರಲ್ಲೊಂದು ಕೀಲಿ ಹಾಕಿದ ಕೋಣೆ, ಒಳಗಿನಿಂದ ಯಾರೋ ಬಾಗಿಲು ಕೆರೆಯುತ್ತಾರೆ. ಮನೆಯ ಸೊಸೆ ದೀಪ ಹಿಡಿದು ಬಂದು ಚಿಲಕಕ್ಕೆ ಕೈ ಹಾಕುತ್ತಾಳೆ. ಸರಿಯಾಗಿ ಅಲ್ಲಿಗೆ ರೀಲು ಮುಗಿಯಿತು. ನಾನು ದೀಪ ಹಚ್ಚಿ, ಬೈಗುಳ ಬೀಳುವ ಮೊದಲೇ ಮುಂದಿನ ರೀಲು ಏರಿಸಬೇಕೆಂದು ಓಡಿದೆ. ಮಾಸ್ತರರು ನನ್ನ ಮುಂಗೈ ಹಿಡಿದರು. ಗಡಬಡಿ ಮಾಡಬೇಡ, ಮೊದಲು ಹೊರಗೆ ನೋಡು ಎಂದರು.

ನೋಡಿದೆ. ಇಡೀ ತಂಬೂ ದೀಪದ ಬೆಳಕಿನಲ್ಲಿ ಮಿಸುಕಾಡದೆ ಕುಳಿತಿತ್ತು. ಬೀಡಿಗೆ ಎದ್ದವರಿಲ್ಲ, ಶೇಂಗಾದವನ ಕಡೆ ತಿರುಗಿದವರಿಲ್ಲ. ಬರೀ ಬಿಳಿ ಬಟ್ಟೆಯಾಗಿದ್ದ ಪರದೆಯನ್ನು ಎಲ್ಲರೂ ದಿಟ್ಟಿಸುತ್ತಿದ್ದರು. ಮಾಸ್ತರರು ಹಳೆಯ ಧೋತರದ ತುಂಡಿನಿಂದ ಸಾವಕಾಶ ಮಸೂರ ಒರೆಸುತ್ತ ಹೇಳಿದರು:

"ಮಂದಿ ಅಂಜೂದು ದೆವ್ವಕ್ಕಲ್ಲೋ ರಾಜಾ, ಬಾಗಲಕ್ಕ. ಬಾಗಲಾ ತಗಿಯೂಮಟಾ ಒಳಗಿನ ದೆವ್ವ ಭಾಳ ದೊಡ್ಡದಿರತೈತಿ."

ಮುಂದಿನ ರೀಲಿನಲ್ಲಿ ಬಾಗಿಲು ತೆರೆಯಿತು. ಒಳಗಿದ್ದದ್ದು ಮೈಗೆಲ್ಲ ಹತ್ತಿ ಅಂಟಿಸಿಕೊಂಡ ಒಬ್ಬ ಮನುಷ್ಯ. ಆದರೆ ನೋಡಿದವರು ಯಾರು, ಅರ್ಧ ಜನ ಕಣ್ಣು ಮುಚ್ಚಿದ್ದರು. ಆಟ ಬಿಟ್ಟ ಮೇಲೆ ಊರಿಗೆ ಊರೇ ಒಂದೇ ಗುಂಪಾಗಿ ಮನೆಗೆ ಹೋಯಿತು. ಮರುದಿನ ಮುಂಜಾನೆ ಗೌಡರ ಮನೆಯ ಹಿರಿಯ ಹೆಣ್ಣುಮಗಳು ಮೊಮ್ಮಗನನ್ನು ಕರೆದುಕೊಂಡು ತಂಬೂಗೆ ಬಂದು, ಆ ಕೋಣೆಯಲ್ಲಿ ಏನಿತ್ತು ಎಂದು ಮಾಸ್ತರರನ್ನು ಕೇಳಿದರು. ಇವತ್ತು ಇನ್ನೊಮ್ಮೆ ಬಂದು ಕಣ್ಣು ತೆರೆದು ನೋಡ್ರಿ ಎಂದರು ಮಾಸ್ತರರು. ಅವರು ಬಂದರು. ಮತ್ತೆ ಕಣ್ಣು ಮುಚ್ಚಿದರು.

ಹಾಗೆಂದು ಹಳೆಯದೆಲ್ಲ ಬಂಗಾರ ಎಂದು ಯಾರೂ ತಿಳಿಯಬಾರದು. ಮುನವಳ್ಳಿಯಲ್ಲಿ ತಂಬೂ ಹಾಕಿದಾಗ ನವಿಲುತೀರ್ಥದ ಆಣೆಕಟ್ಟಿನ ಮೇಲೆ ದುಡಿಯುವವರು ಮನೆಮಂದಿ ಸಮೇತ ಬರುತ್ತಿದ್ದರು. ಆ ವಾರದ ಸಿನಿಮಾದಲ್ಲಿ ದೆವ್ವ ಮೊದಲ ರೀಲಿಗೇ ಬಂದುಬಿಟ್ಟಿತು, ಅದೂ ಹಾಲಿನಂಥ ಬೆಳಕಿನಲ್ಲಿ. ಮುಖಕ್ಕೆ ಸುಣ್ಣ, ಬಾಯಿಗೆ ಮೂಲಂಗಿಯಂಥ ಹಲ್ಲು. ಮುಂದಿನ ಸಾಲಿನಲ್ಲಿದ್ದ ಒಬ್ಬ ಕಾಮಗಾರ ಎದ್ದು ನಿಂತು, ನಮ್ಮ ಸಾಹೇಬ್ರು ಬಂದ್ರು, ಎಲ್ಲಾರೂ ಕೆಲಸಕ್ಕ ಹತ್ತ್ರಿ ಎಂದ. ಅವನ ಸಾಹೇಬರು ಹಿಂದೆ ಖುರ್ಚಿಯಲ್ಲಿ ಕುಳಿತಿದ್ದರು. ಎಲ್ಲರಿಗಿಂತ ಮೊದಲು ನಕ್ಕವರು ಅವರೇ. ಅಲ್ಲಿಂದ ಮುಂದೆ ದೆವ್ವ ಬಂದಾಗೊಮ್ಮೆ ತಂಬೂದಲ್ಲಿ ಜಾತ್ರೆಯ ಗದ್ದಲ. ಆ ಸಿನಿಮಾ ಹಾಸ್ಯದ ಸಿನಿಮಾ ಎಂದೇ ಹೆಸರು ಮಾಡಿ ವಾರವಿಡೀ ತುಂಬಿ ಓಡಿತು.

ರಾಮದುರ್ಗದಲ್ಲಿ ಆದದ್ದು ಇನ್ನೂ ಚೆಂದ. ಹಿಂದಿನ ಊರಿನವರು ರೀಲಿನ ಡಬ್ಬಿಗಳ ಮುಚ್ಚಳ ಅದಲುಬದಲು ಮಾಡಿ ಕಳಿಸಿದ್ದರು. ನಮಗೆ ಅದು ಗೊತ್ತಾದದ್ದು ಪರದೆಯ ಮೇಲೆಯೇ. ಕತೆಯಲ್ಲಿ ಅತ್ತೆ ಬಾವಿಗೆ ಬಿದ್ದು ಸಾಯುತ್ತಾಳೆ, ಚಿತೆಗೆ ಬೆಂಕಿ ಇಡುತ್ತಾರೆ. ಮುಂದಿನ ರೀಲು ಶುರುವಾದರೆ ಅದೇ ಅತ್ತೆ ಮಟಮಟ ಮಧ್ಯಾಹ್ನ ಅಡುಗೆಮನೆಯಿಂದ ನಗುತ್ತ ಬಂದು ಸೊಸೆಯ ಕೈಗೆ ಚಹಾದ ಕಪ್ಪು ಕೊಡುತ್ತಾಳೆ! ಮೊದಲೇ ಬರಬೇಕಿದ್ದ ರೀಲು ಅದು. ಡೋಲಿನ ಸದ್ದಿಲ್ಲ, ಹಲ್ಲಿಲ್ಲ, ಸುಣ್ಣವಿಲ್ಲ. ತಂಬೂ ಒಮ್ಮೆಲೇ ಕಿರುಚಿತು. ಸೊಸೆ ಕಪ್ಪು ತೆಗೆದುಕೊಂಡು ಕುಡಿದಾಗ ಇನ್ನೊಮ್ಮೆ ಕಿರುಚಿತು. ಒಬ್ಬ ಮುದುಕಿ ಕುಡೀಬೇಡವ್ವ ಎಂದು ಸೊಸೆಗೆ ಬುದ್ಧಿ ಹೇಳುತ್ತಿದ್ದಳು. ಮಾಸ್ತರರ ಕೈ ಮಶೀನು ನಿಲ್ಲಿಸಲು ಗುಂಡಿಯ ತನಕ ಹೋಗಿತ್ತು. ಆ ಕಿರುಚಾಟ ಕೇಳಿ ಹಿಂದಕ್ಕೆ ಸರಿಯಿತು. ಮರುದಿನ ರೀಲುಗಳನ್ನು ಸರಿಯಾಗಿ ಜೋಡಿಸಿ ಓಡಿಸಿದೆವು. ಎರಡನೇ ಸಲ ನೋಡಲು ಬಂದವರು ಮುಖ ಗಂಟಿಕ್ಕಿಕೊಂಡು ಹೋದರು. ನಿನ್ನೆಯ ಸಿನಿಮಾ ಬೇರೆ ಇತ್ತೇ ಎಂದು ಕೇಳಿದವರೂ ಇದ್ದರು.

ತಂಬೂ ಸಿನಿಮಾ ಮುಚ್ಚಿದ ಮೇಲೆ ಮಾಸ್ತರರು ಊರು ಸೇರಿದರು, ನಾನು ಬೈಲಹೊಂಗಲದ ಥೇಟರಿಗೆ ಬಂದೆ. ಮಾಲೀಕರಾದ ಶಿವಪುತ್ರಪ್ಪ ಸಾಹುಕಾರರು ಬೇಗ ಸಿಟ್ಟಾಗುವವರು, ಅಷ್ಟೇ ಬೇಗ ತಣ್ಣಗಾಗುವವರು. ಗೇಟಿನಲ್ಲಿ ಕಿತ್ತೂರಿನ ಗಂಗವ್ವ. ತಿಕೀಟು ಹರಿಯುವುದು, ಜಗಳ ಬಿಡಿಸುವುದು, ಫ್ಯಾನು ಹಾಕುವುದು, ಆರಿಸುವುದು ಎಲ್ಲ ಅವಳದೇ. ಹೊರಗೆ ಬರುವವರ ಮುಖ ನೋಡಿ, ಈ ಸಿನಿಮಾ ಶುಕ್ರವಾರದ ತನಕ ನಿಲ್ಲುತ್ತದೋ ಇಲ್ಲವೋ ಎಂದು ಅವಳು ಹೇಳಿದರೆ ಸಾಹುಕಾರರೂ ನಂಬುತ್ತಿದ್ದರು.

ಇಲ್ಲಿ ಎರಡು ಮಶೀನು, ರೀಲಿನ ನಡುವೆ ಕಾಯುವ ಮಾತಿಲ್ಲ. ಬೆಳಕು ಮಾತ್ರ ಕಾರ್ಬನ್ ಕಡ್ಡಿಯದು. ಎರಡು ಕಡ್ಡಿಗಳ ತುದಿ ಉರಿದು ಉರಿದು ಸವೆದಂತೆ ಅವನ್ನು ಕೈಯಿಂದ ಹತ್ತಿರ ತರುತ್ತಿರಬೇಕು, ಇಲ್ಲದಿದ್ದರೆ ಪರದೆ ಮಂಕಾಗುತ್ತದೆ. ಒಮ್ಮೆ ದೆವ್ವದ ಸಿನಿಮಾದ ಮ್ಯಾಟಿನಿಗೆ ಸಿಕ್ಕ ಕಡ್ಡಿಗಳು ಥಂಡಿ ಹಿಡಿದಿದ್ದವು. ಎಷ್ಟು ಹೊಂದಿಸಿದರೂ ಬೆಳಕು ಕುಸಿಯುತ್ತಿತ್ತು. ಸ್ಮಶಾನದ ದೃಶ್ಯ ಬಂದಾಗ ಪರದೆಯ ಮೇಲೆ ಬರೀ ನೆರಳು. ಅದರೊಳಗೆ ಗಿಡ ಯಾವುದು, ಮನುಷ್ಯ ಯಾರು ಎಂದು ನನಗೇ ತಿಳಿಯುತ್ತಿರಲಿಲ್ಲ. ಸಾಹುಕಾರರು ಧಡಧಡ ಮೆಟ್ಟಿಲೇರಿ ಬಂದು ಬಾಯಿ ತೆರೆದವರು ಅಲ್ಲೇ ನಿಂತರು. ಕೆಳಗೆ ಒಬ್ಬರಿಗೂ ಉಸಿರಿಲ್ಲ. ಕಾಣದ್ದನ್ನು ಕಾಣಬೇಕೆಂದು ಎಲ್ಲರೂ ಮುಂದಕ್ಕೆ ಬಾಗಿದ್ದರು. ಆ ಕತ್ತಲೆಯಲ್ಲಿ ಒಂದು ನೆರಳು ಸುಮ್ಮನೆ ಅಲುಗಿದ್ದಕ್ಕೆ ಇಡೀ ಥೇಟರು ಒದರಿತು.

"ತಡಿ," ಎಂದರು ಸಾಹುಕಾರರು. "ಹಂಗ ಬಿಡು."

ಮರುದಿನ ಒಳ್ಳೆಯ ಕಡ್ಡಿ ಬಂದವು. ಸಾಹುಕಾರರು ಗಂಗವ್ವನ ಕೈಲಿ ಹೇಳಿ ಕಳಿಸಿದರು, ಸ್ಮಶಾನ ಬಂದಾಗ ನಿನ್ನೆಯಂತೆ ಮಂಕು ಮಾಡಬೇಕಂತೆ. ಅಂದಿನಿಂದ ಪ್ರತಿಯೊಂದು ದೆವ್ವದ ಸಿನಿಮಾಕ್ಕೂ ಬೆಳಕು ಏರಿಸಿ ಇಳಿಸುವುದು ನನ್ನ ಕೈಚಳಕವಾಯಿತು. ಸವದತ್ತಿಯಲ್ಲಿ ಅದೇ ಸಿನಿಮಾ ನೋಡಿದವರು ಇಲ್ಲಿಗೆ ಬಂದು ಮತ್ತೆ ನೋಡಿ, ಬೈಲಹೊಂಗಲದ ದೆವ್ವವೇ ಜಬರದಸ್ತು ಎಂದು ಹೇಳಿ ಹೋಗುತ್ತಿದ್ದರು. ದೆವ್ವ ಒಂದೇ, ಓಡಿಸುವವನು ಬೇರೆ.

ಆಮೇಲೆ ಕಡ್ಡಿ ಹೋಗಿ ಝೆನಾನ್ ದೀಪ ಬಂತು. ತಾನೇ ಉರಿಯುತ್ತದೆ, ಒಂದೇ ಸಮ ಬೆಳಕು. ಕಣ್ಣಿಗೂ ಕೈಗೂ ಆರಾಮ. ಎರಡು ಸಾವಿರದ ಇಸವಿ ದಾಟುವ ಹೊತ್ತಿಗೆ ಮನೆಮನೆಯಲ್ಲಿ ಟೀವಿ, ಓಣಿಗೊಂದು ಸೀಡಿ ಅಂಗಡಿ. ಹಳೆಯ ದೆವ್ವಗಳನ್ನು ಜನ ಮನೆಯಲ್ಲಿ ದೀಪ ಹಚ್ಚಿಕೊಂಡು, ಚುರುಮುರಿ ತಿನ್ನುತ್ತ ನೋಡತೊಡಗಿದರು. ಹಾಗೆ ನೋಡಿದರೆ ಯಾವ ದೆವ್ವಕ್ಕೆ ಮರ್ಯಾದೆ ಉಳಿಯುತ್ತದೆ? ಥೇಟರಿನಲ್ಲಿ ಖುರ್ಚಿಗಳು ಖಾಲಿ ಬಿದ್ದವು. ಅರಳೆ ವ್ಯಾಪಾರಿ ಚನ್ನಬಸಪ್ಪನವರು ಥೇಟರನ್ನು ಗೋದಾಮಿಗೆ ಕೇಳುತ್ತಿದ್ದಾರೆಂಬ ಸುದ್ದಿ ಬಂತು. ಸಾಹುಕಾರರು ಕೊನೆಯ ಪ್ರಯತ್ನವೆಂದು ಹೊಸ ನಮೂನೆಯ ಸ್ಪೀಕರುಗಳನ್ನು ಸುತ್ತಲೂ ಹಾಕಿಸಿದರು. ಅವನ್ನು ಕೂಡಿಸಲು ಬಂದವನು ಬೆಳಗಾವಿಯ ಸುನೀಲ. ಹರೆಯದವನಾದರೂ ಕೆಲಸಗಾರ. ಬಂದ ದಿನವೇ ನನ್ನನ್ನು ಮಾಮಾ ಎಂದು ಕರೆಯತೊಡಗಿದ. ಸಾಹುಕಾರರು ನಮ್ಮನ್ನೆಲ್ಲ ಕೂಡಿಸಿ ಮುಚ್ಚುಮರೆಯಿಲ್ಲದೆ ಹೇಳಿದರು:

"ಹೊಸಾ ದೆವ್ವದ ಸಿನಿಮಾ ತರಸೇನಿ. ಇದೂ ನಡೀಲಿಲ್ಲಂದ್ರ ಅರಳಿ ತುಂಬತೇನಿ. ನೀವೂ ಬ್ಯಾರೆ ಕೆಲಸ ನೋಡ್ಕೋರಿ."

ಆ ಸಿನಿಮಾದಲ್ಲಿ ವಾಡೆ ಇಲ್ಲ, ಸ್ಮಶಾನ ಇಲ್ಲ. ದೊಡ್ಡ ಶಹರದ ಫ್ಲ್ಯಾಟು, ಲಿಫ್ಟು, ಫೋನು. ಮೊದಲ ಆಟದಲ್ಲಿ ಬಲಗಡೆಯಿಂದ ಬಾಗಿಲು ಬಡಿದ ಸದ್ದಿಗೆ ಇಡೀ ಥೇಟರು ಹಾರಿತು. ಕ್ಯಾಬಿನ್ನಿನಲ್ಲಿ ನಾನೂ ಹಾರಿದೆ. ಸುಳ್ಳು ಯಾಕೆ ಹೇಳಲಿ, ಎದೆಗೆ ಗುದ್ದಿದ ಹಾಗಾಯಿತು. ನಮ್ಮ ಹಳೆಯ ದೆವ್ವಗಳ ಕೈಲಿ ಅಂಥ ಪೆಟ್ಟು ಇರಲಿಲ್ಲ. ಇದನ್ನು ಮಾಡಿದವರು ದಡ್ಡರಲ್ಲ ಎಂದುಕೊಂಡೆ. ಆದರೆ ನಮ್ಮದು ತಗಡಿನ ಛತ್ತು, ಬೋಳು ಗೋಡೆ. ಸದ್ದು ಹೋಗಿ ಗೋಡೆಗೆ ಬಡಿದು ತಿರುಗಿ ಬರುತ್ತಿತ್ತು, ತಗಡು ಗಣಗಣ ಎನ್ನುತ್ತಿತ್ತು. ಸಿನಿಮಾದಲ್ಲಿ ಸದ್ದಿನ ಮೇಲೆ ಸದ್ದು. ಇಂಟರ್ವಲ್ಲಿನ ನಂತರ ಹುಡುಗರಿಗೆ ಲೆಕ್ಕ ಸಿಕ್ಕಿಬಿಟ್ಟಿತು. ಬಾಗಿಲು ಬಡಿಯುವ ಮೊದಲೇ ಅವರೇ ಢಂ ಎನ್ನತೊಡಗಿದರು. ಮಂದಿ ನಕ್ಕರು. ಕೂಸುಗಳು ಬೆದರಿ ಅತ್ತವು, ತಾಯಂದಿರು ಎದ್ದು ಹೋದರು. ಮರುದಿನ ಅರ್ಧ ಥೇಟರೂ ತುಂಬಲಿಲ್ಲ. ಸದ್ದು ಇನ್ನೂ ಹೆಚ್ಚು ಮಾಡ್ರಿ ಎಂದರು ಸಾಹುಕಾರರು. ಮಾಡಿದೆವು. ಇನ್ನೂ ಹೆಚ್ಚು ನಕ್ಕರು. ಚನ್ನಬಸಪ್ಪನವರು ಟೇಪು ಹಿಡಿದುಕೊಂಡು ಬಂದು ಗೋಡೆಯ ಉದ್ದ ಅಳೆದರು.

ಥೇಟರಿನ ಎದುರಿನ ಚಹಾದಂಗಡಿಯಲ್ಲಿ ದಿನವೂ ಇದೇ ಜಗಳ. ದೆವ್ವದ ಸಿನಿಮಾ ಅಂದರೆ ಹಳೆಯವು, ಇವು ಬರೀ ಪಟಾಕಿ ಎನ್ನುವವರು ಹಿರಿಯರು. ಅವು ರಬ್ಬರಿನ ಮುಖವಾಡ, ಅವಕ್ಕೆ ಅಂಜಿದವರು ಹಳ್ಳಿಮುಕ್ಕರು ಎನ್ನುವವರು ಕಾಲೇಜು ಹುಡುಗರು. ಒಂದು ಸಂಜೆ ಗಂಗವ್ವ ಕೇಳಿ ಕೇಳಿ ಬೇಸತ್ತು ಸಾಹುಕಾರರ ಹತ್ತಿರ ಹೋದಳು.

"ಒಂದ ದಿನ ಎರಡೂ ಹಚ್ಚಿಬಿಡ್ರಿ ಸಾವ್ಕಾರ್ರ. ಮ್ಯಾಟಿನಿ ಹಳೇದು, ಫಸ್ಟ್ ಶೋ ಹೊಸಾದು. ಯಾವುದಕ್ಕ ಹೆಚ್ಚು ಅಂಜತಾರ ಮಂದೀನ ಹೇಳಲಿ."

ಹೇಗೂ ಮುಳುಗಿದವರಿಗೆ ಚಳಿ ಏನು ಎಂದು ಸಾಹುಕಾರರು ಒಪ್ಪಿದರು. ಆಟೋಕ್ಕೆ ಮೈಕು ಕಟ್ಟಿ ಬೈಲಹೊಂಗಲದ ಓಣಿ ಓಣಿಯಲ್ಲಿ, ಅತ್ತ ಕಿತ್ತೂರಿನ ತನಕ ಸಾರಿಸಿದರು.

ಹಳೆಯ ಪ್ರಿಂಟು ತರಲು ಹುಬ್ಬಳ್ಳಿಗೆ ಹೋದವನು ನಾನು. ಸಿನಿಮಾ ಹಂಚುವವರ ಗೋದಾಮಿನಲ್ಲಿ ಹೆಸರಾದ ದೆವ್ವಗಳು ಸಾಲುಗಟ್ಟಿ ಬಿದ್ದಿದ್ದವು. ನಾನು ಅವನ್ನು ಬಿಟ್ಟು, ಯಾರೂ ಕೇಳದ ಒಂದನ್ನು ಆರಿಸಿದೆ. ಕಿತ್ತೂರಿನ ತಂಬೂದಲ್ಲಿ ಅದನ್ನು ಓಡಿಸಿದಾಗ ಜನ ಕಲ್ಲಿನಂತೆ ಕುಳಿತದ್ದು ನನಗೆ ನೆನಪಿತ್ತು. ಡಬ್ಬಿಗಳನ್ನು ಬಸ್ಸಿನ ಮೇಲೆ ಹೇರಿಕೊಂಡು ಬಂದೆ. ಅಷ್ಟರಲ್ಲಿ ಸುನೀಲ ಪೆಂಡಾಲದವರಿಂದ ಗಾದಿಗಳನ್ನು ತಂದು ಹಿಂದಿನ ಗೋಡೆಗೆಲ್ಲ ಕಟ್ಟಿಸಿದ್ದ, ಸದ್ದು ತಿರುಗಿ ಬರದಿರಲಿ ಎಂದು.

ಆಟದ ದಿನ ಮುಂಜಾನೆ ಪ್ರಿಂಟನ್ನು ಒಮ್ಮೆ ಓಡಿಸಿ ನೋಡಿದೆವು. ಅಲ್ಲಲ್ಲಿ ಗೀರು, ಅಂಟಿಸಿದ ಗುರುತು. ಅದೆಲ್ಲ ಇರುವುದೇ. ಆದರೆ ಕೊನೆಯ ರೀಲು ಹಾಕುತ್ತಲೇ ಸ್ಪೀಕರಿನಿಂದ ಕರ್ರೆಂಬ ಸದ್ದು ಬಿಟ್ಟರೆ ಏನೂ ಬರಲಿಲ್ಲ. ರೀಲಿನ ಅಂಚಿನಲ್ಲಿ ಸದ್ದಿನ ಗೆರೆ ಇರುತ್ತದೆ. ಯಾವುದೋ ಕೆಟ್ಟ ಮಶೀನು ಅದನ್ನು ಉದ್ದಕ್ಕೂ ಕೆರೆದುಹಾಕಿತ್ತು.

"ಮಾಮಾ, ಇದರ ಆವಾಜ ಪೂರಾ ಹೋಗೈತಿ," ಎಂದ ಸುನೀಲ.

ಆ ರೀಲಿನಲ್ಲೇ ಇಡೀ ಸಿನಿಮಾದ ಜೀವ. ಬೇರೆ ಪ್ರಿಂಟು ತರುವಷ್ಟು ಹೊತ್ತು ಉಳಿದಿರಲಿಲ್ಲ. ಕೆಳಗೆ ಆಗಲೇ ಮಂದಿ ತಿಕೀಟಿಗೆ ಪಾಳಿ ಹಚ್ಚಿದ್ದರು. ಸದ್ದು ನಿಂತರೆ ನಮ್ಮ ಕಡೆಯ ಮಂದಿ ಏನು ಮಾಡುತ್ತಾರೆಂದು ನನಗೆ ಗೊತ್ತು. ಮೊದಲು ಬೈಗುಳ, ಆಮೇಲೆ ಚಪ್ಪಲಿ, ಆಮೇಲೆ ಖುರ್ಚಿ. ನಾವಿಬ್ಬರೂ ಆ ರೀಲನ್ನು ಬೆಳಕಿಗೆ ಹಿಡಿದು ಉದ್ದಕ್ಕೂ ನೋಡಿದೆವು. ಕೊನೆಗೆ ನಾನು ಒಂದು ಯೋಚನೆ ಹೇಳಿದೆ. ಸದ್ದು ಒಮ್ಮೆಲೇ ಹೋದರೆ ಜನ ಸಿಡಿಯುತ್ತಾರೆ. ಹಿಂದಿನ ರೀಲಿನಿಂದಲೇ ಅದನ್ನು ತುಸು ತುಸು ಇಳಿಸುತ್ತ ಬಂದರೆ? ಸುನೀಲ ನನ್ನ ಮುಖ ನೋಡಿದ, ನಕ್ಕ. ಹಾಗಾದರೆ ಫ್ಯಾನುಗಳೂ ಒಂದೊಂದಾಗಿ ನಿಲ್ಲಬೇಕು, ಅವು ಕಿರ್‍ಗುಟ್ಟುತ್ತವೆ ಎಂದ. ಗಂಗವ್ವನಿಗೆ ತಿಳಿಸಿದೆವು. ಬಾಗಿಲನ್ನೂ ತಾನೇ ಹಿಡಿದುಕೊಳ್ಳುತ್ತೇನೆ, ಒಬ್ಬರನ್ನೂ ಒಳಗೆ ಹೊರಗೆ ಬಿಡುವುದಿಲ್ಲ ಎಂದಳು. ಸಾಹುಕಾರರು ಮಾತ್ರ ಬೆವತರು.

"ಮಂದಿ ಖುರ್ಚಿ ಮುರೀತಾರೋ ರಾಜೇಸಾಬ."

"ಮುರದ್ರ ಅರಳಿ ತುಂಬಾಕ ನಿಮಗ ಹಗರ ಆಕ್ಕೈತ್ರಿ ಸಾವ್ಕಾರ್ರ," ಎಂದೆ.

ಒಂದು ಗಳಿಗೆ ದುರುಗುಟ್ಟಿ ನೋಡಿ, ಆಮೇಲೆ ಹೊಟ್ಟೆ ಕುಣಿಸಿ ನಕ್ಕರು. ಹಚ್ಚು ಎಂದರು.

ಆ ಮ್ಯಾಟಿನಿಗೆ ಥೇಟರು ಎಷ್ಟೋ ವರ್ಷಗಳ ಮೇಲೆ ತುಂಬಿತ್ತು. ಕಾಲೇಜು ಹುಡುಗರು ಮುಂದಿನ ಸಾಲುಗಳನ್ನು ಹಿಡಿದಿದ್ದರು, ನಗಲಿಕ್ಕೆಂದೇ ಬಂದವರು. ಹೆಂಗಸರ ಕಡೆಗೂ ಜಾಗವಿರಲಿಲ್ಲ. ಬಾಲ್ಕನಿಯಲ್ಲಿ ಸಾಹುಕಾರರು, ಅವರ ಪಕ್ಕದಲ್ಲಿ ಚನ್ನಬಸಪ್ಪನವರು. ಮೊದಲ ರೀಲುಗಳಿಗೆ ಹುಡುಗರು ಮನಸ್ಸಿಗೆ ಬಂದಷ್ಟು ನಕ್ಕರು. ನಾಯಕನ ಅಗಲ ಪ್ಯಾಂಟಿಗೆ, ದಾರ ಕಾಣುವ ಬಾವಲಿಗೆ, ಎಲ್ಲದಕ್ಕೂ. ನಾನು ಕ್ಯಾಬಿನ್ನಿನ ಕಿಂಡಿಯಲ್ಲಿ ಕಣ್ಣಿಟ್ಟು ಹಲ್ಲು ಕಚ್ಚಿ ನಿಂತಿದ್ದೆ.

ಕತೆ ಇಷ್ಟೆ: ಇಬ್ಬರು ಅಕ್ಕತಂಗಿಯರು. ಹೊಸದಾಗಿ ಮದುವೆಯಾದ ಅಕ್ಕ ಅಟ್ಟದ ಮೇಲಿನ ಕೋಣೆಯಲ್ಲಿ ಕನ್ನಡಿಯ ಮುಂದೆ ಕುಳಿತು ತಲೆ ಬಾಚುತ್ತಿರುತ್ತಾಳೆ. ದಿನ ಕಳೆದಂತೆ ಅವಳು ಕೆಳಗೆ ಇಳಿಯುವುದನ್ನೇ ಬಿಡುತ್ತಾಳೆ. ನಿಜವಾಗಿ ಮೇಲೆ ಇರುವುದು ಅಕ್ಕನೇ ಹೌದೋ ಅಲ್ಲವೋ ಎಂಬ ಸಂಶಯ ತಂಗಿಗೆ. ನಗು ತನ್ನಿಂದ ತಾನೇ ತೆಳುವಾಗತೊಡಗಿತು. ಕೊನೆಯಿಂದ ಎರಡನೆಯ ರೀಲು ಏರಿದಾಗ ಸುನೀಲ ಸದ್ದಿನ ಗುಂಡಿಯನ್ನು ಕೂದಲೆಳೆಯಷ್ಟು ಇಳಿಸಿದ. ಸ್ವಲ್ಪ ಬಿಟ್ಟು ಇನ್ನೊಂದು ಎಳೆ. ಕೆಳಗೆ ಒಂದು ಫ್ಯಾನು ನಿಂತಿತು, ಆಮೇಲೆ ಇನ್ನೊಂದು. ಮಂದಿ ಕುತ್ತಿಗೆ ಮುಂದಕ್ಕೆ ಚಾಚಿದರು. ಆವಾಜ್ ಎಂಬ ಕೂಗು ಈಗ ಬಂತು, ಈಗ ಬಂತು ಎಂದು ನಾನು ಕಾಯುತ್ತಿದ್ದೆ. ಬಂದದ್ದು ಬೇರೆ ಮಾತು. ನಗಲು ಬಂದಿದ್ದ ಆ ಮುಂದಿನ ಸಾಲಿನಿಂದಲೇ ಒಬ್ಬ ತನ್ನ ಗೆಳೆಯರನ್ನು ಗದರಿಸಿದ:

"ಏ, ಸುಮ್ಕಿರ್ರೋ. ಕೇಳಸವಲ್ದು."

ಆ ಮಾತು ಕೇಳಿ ಸುನೀಲ ಗುಂಡಿಯಿಂದ ಕೈ ತೆಗೆಯದೆ ನನ್ನ ಭುಜಕ್ಕೆ ಭುಜ ತಾಗಿಸಿದ.

ಕೊನೆಯ ರೀಲಿಗೆ ಬದಲಾದಾಗ ಸದ್ದು ಒಂದಿಷ್ಟೂ ಇಲ್ಲ. ಫ್ಯಾನುಗಳೂ ಇಲ್ಲ. ತಂಗಿ ಮೆಟ್ಟಿಲು ಹತ್ತುತ್ತಾಳೆ. ಕೋಣೆಯ ಬಾಗಿಲು ತೆರೆದೇ ಇದೆ. ಅಕ್ಕ ಬೆನ್ನು ಹಾಕಿ ಕುಳಿತಿದ್ದಾಳೆ, ಬಾಚಣಿಗೆ ಮೇಲಿನಿಂದ ಕೆಳಗೆ ಇಳಿಯುತ್ತಿದೆ, ಮತ್ತೆ ಮೇಲಿನಿಂದ ಕೆಳಗೆ. ಕೆಳಗೆ ಹೆಂಗಸರ ಕಡೆ ಎಲ್ಲೋ ಒಂದು ಬಳೆ ಸದ್ದು ಮಾಡಿದ್ದು ಕ್ಯಾಬಿನ್ನಿಗೆ ಕೇಳಿಸಿತು. ಬಾಚಣಿಗೆ ಅರ್ಧಕ್ಕೆ ನಿಂತಿತು. ಕುಳಿತವಳು ನಿಧಾನ ತಿರುಗಿದಳು. ಹಲ್ಲಿಲ್ಲ, ರಕ್ತವಿಲ್ಲ. ಅಲ್ಲಿದ್ದದ್ದು ತಂಗಿಯದೇ ಮುಖ.

ಒಂದು ಉಸಿರಿನಷ್ಟು ಹೊತ್ತು ಏನೂ ಆಗಲಿಲ್ಲ. ಆಮೇಲೆ ಹೆಂಗಸರ ಸಾಲಿನಿಂದ ಒಂದು ದನಿ ಎದ್ದಿತು, ಅದರ ಹಿಂದೆ ಇಡೀ ಥೇಟರು. ಅಂಥ ಕಿರುಚಾಟವನ್ನು ನಾನು ಅದಕ್ಕೆ ಮುಂಚೆ ಕೇಳಿರಲಿಲ್ಲ. ಹೊಸ ಸ್ಪೀಕರುಗಳನ್ನೆಲ್ಲ ಕೂಡಿಸಿದರೂ ಅಷ್ಟು ಸದ್ದು ಬರಲಾರದು. ತಗಡು ಗುಂಯ್‌ಗುಟ್ಟಿತು. ಸುನೀಲ ಎರಡೂ ಕಿವಿ ಮುಚ್ಚಿಕೊಂಡು ನಗುತ್ತಿದ್ದ. ಬಾಲ್ಕನಿಯಲ್ಲಿ ಚನ್ನಬಸಪ್ಪನವರು ಸಾಹುಕಾರರ ತೋಳನ್ನು ಎರಡೂ ಕೈಯಿಂದ ಅಪ್ಪಿ ಹಿಡಿದಿದ್ದರು. ಕಿರುಚಿ ಮುಗಿಸಿದ ಮೇಲೆ ಮಂದಿ ತಮ್ಮ ಕಿರುಚಾಟಕ್ಕೆ ತಾವೇ ನಕ್ಕರು, ಆಮೇಲೆ ಚಪ್ಪಾಳೆ ಹೊಡೆದರು. ಒಬ್ಬನೂ ಸದ್ದು ಎಲ್ಲಿ ಎಂದು ಕೇಳಲಿಲ್ಲ. ಹೊರಗೆ ಬರುವಾಗ ಒಬ್ಬ ಹುಡುಗ, ಆ ಬಾಚಣಿಗೆಯ ಕರಕರ ಸದ್ದು ಇನ್ನೂ ಕಿವಿಯಲ್ಲಿದೆ ಎಂದು ಗಂಗವ್ವನ ಮುಂದೆ ಆಣೆ ಮಾಡಿ ಹೇಳಿದನಂತೆ.

ಮನೆಗೆ ಹೋದವರಿಗಿಂತ ಫಸ್ಟ್ ಶೋಕ್ಕೆ ಉಳಿದವರೇ ಹೆಚ್ಚು. ಈಗ ಹೊಸ ಸಿನಿಮಾದ ಸರದಿ. ಅದನ್ನು ಸೋಲಿಸುವ ಮನಸ್ಸು ನನಗಿರಲಿಲ್ಲ. ಎರಡೂ ನನ್ನ ಮಶೀನಿನ ಮಕ್ಕಳೇ. ಸುನೀಲ, ನಾನು ಮಾತಾಡಿಕೊಂಡು ಈ ಸಲ ಎಲ್ಲ ಸದ್ದನ್ನೂ ತಗ್ಗಿಸಿಯೇ ಓಡಿಸಿದೆವು. ಬಡಿಯುವ ಬಾಗಿಲುಗಳು ಬರೀ ಬಾಗಿಲುಗಳಾದವು. ಢಂ ಎನ್ನಲು ಕಾದಿದ್ದ ಹುಡುಗರಿಗೆ ತಾಳ ತಪ್ಪಿತು. ಫೋನಿನ ಗಂಟೆ ಹಿಂದಿನ ಮೂಲೆಯ ಸ್ಪೀಕರಿನಿಂದ ಸಣ್ಣಗೆ ಬಂದಾಗ ಸಾಲಿಗೆ ಸಾಲೇ ಹೊರಳಿ ಹಿಂದೆ ನೋಡಿತು. ಲಿಫ್ಟಿನ ಬಾಗಿಲು ತೆರೆಯುವ ಕೊನೆಯ ದೃಶ್ಯಕ್ಕೆ ಮಾತ್ರ ಸುನೀಲ ಗುಂಡಿಯನ್ನು ಪೂರ್ತಿ ತಿರುಗಿಸಿದ. ಇಡೀ ಥೇಟರು ಖುರ್ಚಿ ಬಿಟ್ಟು ಎದ್ದಿತು. ಹೊರಗೆ ನಿಂತಿದ್ದ ಗಂಗವ್ವ ಏನೋ ಕುಸಿದು ಬಿತ್ತೆಂದು ಬಾಗಿಲು ತೆರೆದು ಓಡಿ ಬಂದಳು. ಈ ಸಲ ನಕ್ಕವರಿಲ್ಲ.

ಶಾಹಿನಾ, ನಿನ್ನ ಪ್ರಶ್ನೆಗೆ ಉತ್ತರ ಆ ದಿನ ಗಂಗವ್ವ ಕೊಟ್ಟಳು. ಗೇಟಿನಲ್ಲಿ ನಿಂತು ಹೊರಗೆ ಬರುವವರನ್ನೆಲ್ಲ ಕೇಳಿ, ಮೇಲೆ ಬಂದು ನಮಗೆ ಹೇಳಿದಳು:

"ಹೊಸಾದು ಮೈ ನಡಗಸ್ತೈತಿ ಅಣ್ಣಾ. ಹಳೇದು ಮನಿತನಕ ಬೆನ್ನ ಹತ್ತತೈತಿ."

ನಾನು ಇದಕ್ಕೆ ಸೇರಿಸುವುದು ಸ್ವಲ್ಪ. ಹೊಸದರ ಪೆಟ್ಟು ದೊಡ್ಡದು. ಯಾವ ಹಳೆಯ ದೆವ್ವವೂ ಇಡೀ ಥೇಟರನ್ನು ಎಬ್ಬಿಸಿ ನಿಲ್ಲಿಸಿದ್ದನ್ನು ನಾನು ಕಂಡಿಲ್ಲ. ಆದರೆ ಆ ಪೆಟ್ಟು ಎರಡನೆಯ ಸಲಕ್ಕೆ ಹಳತಾಗುತ್ತದೆ. ಹಳೆಯದರಲ್ಲಿ ಅರ್ಧ ದೆವ್ವವನ್ನು ನೋಡುವವನೇ ತಯಾರು ಮಾಡುತ್ತಿದ್ದ, ಹಾಗಾಗಿ ಅದು ಅವನದೇ ಆಗಿ ಉಳಿಯುತ್ತಿತ್ತು. ಎರಡಕ್ಕೂ ಬೇಕಾದದ್ದು ಅಂಜಿಕೆಗೆ ಮುಂಚಿನ ಮೌನ. ಆ ಮೌನವನ್ನು ಸಿನಿಮಾ ಮಾಡಿದವರು ಅರ್ಧ ಮಾಡಿರುತ್ತಾರೆ, ಉಳಿದರ್ಧ ಥೇಟರಿನಲ್ಲಿ ದುಡಿಯುವವರದು.

ಚನ್ನಬಸಪ್ಪನವರು ಕೆಳಗೆ ಇಳಿದು ಬಂದು, ಅರಳೆ ಇಡಲು ಬೇರೆ ಜಾಗ ನೋಡಿಕೊಳ್ಳುತ್ತೇನೆ ಎಂದು ಸಾಹುಕಾರರಿಗೆ ಹೇಳಿದರು. ಮನೆಯ ಹೆಣ್ಣುಮಕ್ಕಳಿಗೆಲ್ಲ ಮರುದಿನದ ಎರಡೂ ಆಟಕ್ಕೆ ಜಾಗ ಹಿಡಿದಿಡಬೇಕೆಂದು ಕೇಳಿಕೊಂಡರು. ಆ ಥೇಟರು ಮುಂದೆ ನಾನು ಕೆಲಸ ಬಿಡುವ ತನಕವೂ ಥೇಟರಾಗಿಯೇ ಇತ್ತು.

ಆ ರಾತ್ರಿ ಆಟ ಬಿಟ್ಟ ಮೇಲೆ ನಾನು ರೀಲುಗಳನ್ನು ತಿರುಗಿ ಸುತ್ತುತ್ತಿದ್ದೆ. ಕೆಳಗಿನಿಂದ ಗಂಗವ್ವ ಹೆಸರು ಹಿಡಿದು ಕೂಗಿದಳು, ಕಿಟಕಿಗೆ ಬಂದು ನೋಡು ಎಂದು. ಸುನೀಲನನ್ನೂ ಎಳೆದುಕೊಂಡು ಹೋಗಿ ಇಣುಕಿದೆ. ನಾಳೆಯ ತಿಕೀಟು ಇವತ್ತೇ ಕೊಡ್ರಿ ಎಂದು ಹಚ್ಚಿದ ಪಾಳಿ ಗೇಟು ದಾಟಿ, ಚಹಾದಂಗಡಿ ದಾಟಿ, ರಸ್ತೆಯ ತಿರುವಿನಲ್ಲಿ ಮರೆಯಾಗಿತ್ತು. ಅದರ ನಡುವೆ ಸಾಹುಕಾರರು ಸೊಂಟಕ್ಕೆ ಕೈ ಕೊಟ್ಟು ಮೇಲೆ ನೋಡುತ್ತ ನಿಂತಿದ್ದರು.

"ರಾಜೇಸಾಬ, ನಾಳೆ ಮುಂಜಾನೀನೂ ಒಂದು ಆಟ ಹಚ್ಚೂಣೇನು?"

"ಹಚ್ಚೂಣ್ರಿ ಸಾವ್ಕಾರ್ರ," ಎಂದೆ. "ಫ್ಯಾನ್ ಮಾತ್ರ ನಾವು ಹೇಳಿದಾಗ ಆರಸ್ರಿ."

ಪಾಳಿಯಲ್ಲಿದ್ದವರು ತಲೆ ಎತ್ತಿ ಕಿಟಕಿಯ ಕಡೆ ನೋಡಿದರು. ನಾನು ಎರಡೂ ಕೈ ಎತ್ತಿ ಅವರಿಗೆ ಸಲಾಂ ಮಾಡಿದೆ.